ಮಡಿಲು ಕೊಡವುವ ಬಾಗಿಲು

ಅವತ್ತು ಬೆಳಗ್ಗೆ ಮಾಡಿದ ಕೆಲಸಗಳು: ಐದಕ್ಕೆ ಎದ್ದು ಒಲೆ ಹೊತ್ತಿಸಿದ್ದು. ಬಾವಿಯಿಂದ ಹತ್ತು ಕೊಡ ನೀರು ಸೇದಿ ಹಂಡೆ ತುಂಬಿಸಿದ್ದು. ಕುಚ್ಚಿಗೆ ಅಕ್ಕಿಯ ಗಂಜಿಗೆ ಇಟ್ಟು, ಅದು ಬೇಯುವಷ್ಟರಲ್ಲಿ ಅಂಗಳ ಗುಡಿಸಿದ್ದು. ಹುರುಳಿ ಹುರಿದು ಚಟ್ನಿ ಅರೆದದ್ದು. ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿದ್ದು. ಮಗಳಿಗೆ ಜಡೆ ಹಾಕಿ ಶಾಲೆಗೆ ಹೊರಡಿಸಿದ್ದು. ಎರಡು ಬುತ್ತಿ ಕಟ್ಟಿದ್ದು, ನನಗೊಂದು, ಓರಗಿತ್ತಿಗೊಂದು. ಎರಡು ಬಾಟಲಿಗೆ ನೀರು ತುಂಬಿಸಿದ್ದು.

ಆ ಬಾಟಲಿಗಳನ್ನು ಬೆಳಗ್ಗೆ ತುಂಬಿಸುವುದು ನಮ್ಮ ದಿನದ ಕ್ರಮ. ಸಂಜೆ ಅವನ್ನು ಹೆಚ್ಚುಕಡಿಮೆ ಹಾಗೇ ವಾಪಸು ತಂದು ಬಸಳೆಯ ಬುಡಕ್ಕೆ ಸುರಿಯುವುದೂ ದಿನದ ಕ್ರಮವೇ ಆಗಿತ್ತು.

ಓರಗಿತ್ತಿ ಬಚ್ಚಲಿಗೆ ಹೋದವಳು ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ. ಅವಳು ನನ್ನ ಮೈದುನನ ಹೆಂಡತಿ, ಬೈಂದೂರು ಕಡೆಯವಳು. ಮೈದುನ ಮುಂಬಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದ. ವರ್ಷಕ್ಕೊಂದು ಸಲ ಬರುವವನು. ಅವಳಿಗೆ ಆಗ ಏಳು ತಿಂಗಳು. ಹಿಂದಿನ ವರ್ಷದ ಬಸಿರು ನಾಲ್ಕನೇ ತಿಂಗಳಿಗೇ ಹೋಗಿತ್ತು. ಹಾಗಾಗಿ ಈ ಸಲ ಮನೆಯಲ್ಲಿ ಯಾರೂ ಮಗುವಿನ ಮಾತೇ ಎತ್ತುತ್ತಿರಲಿಲ್ಲ. ಅತ್ತೆ ಹಳೆಯ ಸೀರೆ ಹರಿದು ಬಟ್ಟೆ ಮಾಡಿಟ್ಟದ್ದನ್ನೂ ಯಾರಿಗೂ ಕಾಣದ ಹಾಗೆ ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದರು.

ನಾನು ಬಚ್ಚಲಿನ ಬಾಗಿಲು ಬಡಿದೆ.

"ಎಂತ ಹೆಣೆ, ಒಳಗೇ ಇದ್ಯಲೆ? ಬೆಲ್ ಹೊಡಿತ್ತ್ ಈಗ."

"ಎಂತ ಇಲ್ಲೆ ಅಕ್ಕ. ಉರಿ. ಬತ್ತೆ."

ಹೊರಗೆ ಬಂದಾಗ ಅವಳ ಮೇಲ್ತುಟಿಯ ಮೇಲೆ ಬೆವರಿತ್ತು. ಹಣೆ ಮುಟ್ಟಿದೆ, ಸ್ವಲ್ಪ ಬೆಚ್ಚಗಿತ್ತು. ಒಲೆಯ ಮುಂದೆ ಇದ್ದ ನನ್ನ ಕೈಗೆ ಅದೇನೂ ದೊಡ್ಡದಾಗಿ ಕಾಣಲಿಲ್ಲ. "ಉಷ್ಣ ಆಯ್ತ್, ಬೊಂಡ ಕುಡುಕಾಗಿತ್ತ್ ನಿನ್ನೆಯೇ" ಎಂದೆ. ಇಬ್ಬರೂ ಹೊರಟೆವು.

ನಮ್ಮ ಮನೆ ಕೋಟೇಶ್ವರದಿಂದ ಹಾಲಾಡಿಗೆ ಹೋಗುವ ದಾರಿಯಲ್ಲಿ. ಅಲ್ಲಿಂದ ಹತ್ತು ನಿಮಿಷ ನಡೆದರೆ ಗೇರುಬೀಜದ ಫ್ಯಾಕ್ಟರಿ. ತೊಂಬತ್ತೇಳರಲ್ಲಿ ಅದು ಶುರುವಾದಾಗ ಸೇರಿದ ಮೊದಲ ತಂಡದವಳು ನಾನು. ಬೇಯಿಸಿ ಒಡೆದ ಬೀಜದ ತಿರುಳು ಒಣಗಿ ನಮ್ಮ ಕೋಣೆಗೆ ಬರುತ್ತಿತ್ತು. ಅದರ ಕೆಂಪು ಸಿಪ್ಪೆಯನ್ನು ಸಣ್ಣ ಚೂರಿಯಿಂದ, ತಿರುಳು ಎರಡಾಗದ ಹಾಗೆ ಬಿಡಿಸುವುದು ನಮ್ಮ ಕೆಲಸ. ಬೀಜ ಒಡೆಯುವವರ ಕೈಗೆ ಸೊನೆ ತಾಗಿ ಚರ್ಮ ಕಪ್ಪಾಗಿ ಸುಲಿಯುತ್ತದೆ. ನಮಗೆ ಆ ತಾಪತ್ರಯವಿಲ್ಲ. ಕೂತಲ್ಲೇ ಕೆಲಸ, ಬಿಸಿಲಿಲ್ಲ, ಮಳೆಯಿಲ್ಲ. ಊರಿನಲ್ಲಿ ಯಾರಾದರೂ ಕೇಳಿದರೆ "ಸಿಪ್ಪಿ ತೆಗುವಲ್ಲಿ" ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತಿದ್ದೆ.

ಕೋಣೆಗೆ ಫ್ಯಾನು ಇರಲಿಲ್ಲ. ಇತ್ತು, ಆದರೆ ಹಾಕುವ ಹಾಗಿರಲಿಲ್ಲ. ಹಾಕಿದರೆ ಸಿಪ್ಪೆಯ ಹೊಟ್ಟು ಹಾರಿ ಬಿಳಿ ತಿರುಳಿನ ಮೇಲೆ ಕೂರುತ್ತದೆ. ಕಿಟಕಿಗೂ ಅದೇ ಕಾರಣಕ್ಕೆ ಅರ್ಧ ಹಲಗೆ. ಮಾರ್ಚ್ ಏಪ್ರಿಲಿನಲ್ಲಿ ಹೆಂಚಿನ ಬಿಸಿ ನೇರ ನಡುನೆತ್ತಿಗೆ ಇಳಿಯುತ್ತಿತ್ತು. ನೆಲದ ಮೇಲೆ ಸಾಲಾಗಿ ಅರುವತ್ತು ಹೆಂಗಸರು. ಬೆನ್ನಿನಿಂದ ಬೆವರು ಹರಿದು ಲಂಗದ ಕಟ್ಟು ನೆನೆದಿರುತ್ತಿತ್ತು. ಹಾಗಿದ್ದೂ ಯಾರೂ ನೀರು ಮುಟ್ಟುತ್ತಿರಲಿಲ್ಲ.

ಅದಕ್ಕೆ ಕಾರಣ ಬಾಗಿಲು.

ನಮ್ಮ ಕೋಣೆಗೆ ಒಂದೇ ಬಾಗಿಲು. ಅಲ್ಲಿ ಒಬ್ಬ ಹೆಂಗಸನ್ನು ಕೂರಿಸಿದ್ದರು. ನಮ್ಮದೇ ಊರಿನವರು, ನನಗಿಂತ ಹತ್ತು ವರ್ಷ ದೊಡ್ಡವರು. ಕೋಣೆಯಿಂದ ಯಾರು ಹೊರಗೆ ಹೋದರೂ, ಮನೆಗಾಗಲಿ ಕಕ್ಕಸಿಗಾಗಲಿ, ಅವರ ಮುಂದೆ ನಿಂತು ಸೆರಗು ಬಿಚ್ಚಿ, ಸೀರೆಯ ಮಡಿಲು ಕೊಡವಿ ತೋರಿಸಬೇಕು. ಆಮೇಲೆ ಅವರು ಸೊಂಟ ಸವರಿ ನೋಡುತ್ತಾರೆ. ತಿರುಳು ಕದ್ದು ಒಯ್ಯಬಾರದಲ್ಲ, ಅದಕ್ಕೆ. ಬಾಗಿಲಿನ ಪಕ್ಕದಲ್ಲೇ ತೂಕದ ಮೇಜು. ಅಲ್ಲಿ ತೂಕ ಬರೆಯುವ ಗಂಡಸು ಕೂತಿರುತ್ತಿದ್ದ. ಅವನು ಕೆಟ್ಟವನೇನಲ್ಲ. ಯಾರಾದರೂ ಬಾಗಿಲಿಗೆ ಬಂದರೆ ತಲೆ ತಗ್ಗಿಸಿಬಿಡುತ್ತಿದ್ದ. ಅವನು ಹಾಗೆ ತಲೆ ತಗ್ಗಿಸುವುದೇ ಇನ್ನಷ್ಟು ಸಂಕೋಚ. ಅಷ್ಟೆಲ್ಲ ಆಗಿ ಹೊರಗೆ ಹೋದರೆ ಎರಡು ಕಕ್ಕಸು, ಒಂದಕ್ಕೆ ಚಿಲಕವಿಲ್ಲ, ಹೊರಗೆ ಒಬ್ಬಳು ಬಾಗಿಲು ಹಿಡಿದು ನಿಲ್ಲಬೇಕು. ಅಂದರೆ ಒಬ್ಬಳಿಗೆ ಅವಸರವಾದರೆ ಇಬ್ಬರು ಮಡಿಲು ಕೊಡವಬೇಕು.

ಯಾರೂ ನಮಗೆ ನೀರು ಕುಡಿಯಬೇಡಿ ಎಂದು ಹೇಳಿರಲಿಲ್ಲ. ನಾವೇ ಉಪಾಯ ಕಂಡುಕೊಂಡೆವು. ಬೆಳಗ್ಗೆ ಗಂಜಿ ಉಣ್ಣುವಾಗ ತೆಳಿನೀರು ಬಸಿದು ಬರೀ ಅನ್ನ ತಿನ್ನುವುದು. ಚಾ ಅರ್ಧ ಲೋಟ. ಹೊರಡುವ ಮುಂಚೆ ಬಚ್ಚಲಿಗೆ ಎರಡು ಸಲ ಹೋಗುವುದು. ಬಾಯಿ ಒಣಗಿದರೆ ಉಪ್ಪು ಹಾಕಿ ಒಣಗಿಸಿದ ನೆಲ್ಲಿಕಾಯಿಯ ಚೂರನ್ನು ನಾಲಿಗೆಯಡಿ ಇಟ್ಟುಕೊಳ್ಳುವುದು. ಹೀಗೆ ಮಾಡಿದರೆ ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೂ ಕೂತಲ್ಲಿಂದ ಏಳದೆ ತಡೆಯಬಹುದು. ನಾನು ಏಳು ವರ್ಷ ತಡೆದವಳು. ನನ್ನನ್ನು ಎಲ್ಲರೂ ಗಟ್ಟಿ ಹೆಂಗಸು ಎನ್ನುತ್ತಿದ್ದರು. ಅದೇನೋ ಬಿರುದು ಸಿಕ್ಕಿದ ಹಾಗೆ ನಾನೂ ನಕ್ಕು ಸುಮ್ಮನಿರುತ್ತಿದ್ದೆ.

ಓರಗಿತ್ತಿ ಮದುವೆಯಾಗಿ ಬಂದು ಮೂರು ತಿಂಗಳಿಗೆ ನನ್ನ ಜೊತೆ ಕೆಲಸಕ್ಕೆ ಸೇರಿದಳು. ಮೊದಲ ದಿನ ಹತ್ತೂವರೆಗೆ ಎದ್ದು ಬಾಗಿಲಿಗೆ ಹೋದಳು. ಮಡಿಲು ಕೊಡವಬೇಕು ಎಂದು ಅವಳಿಗೆ ಗೊತ್ತಿರಲಿಲ್ಲ. ಬಾಗಿಲಿನವರು ಸೊಂಟಕ್ಕೆ ಕೈ ಹಾಕಿದಾಗ ಹೌಹಾರಿ ಹಿಂದೆ ಸರಿದಳು. ಇಡೀ ಕೋಣೆ ನಕ್ಕಿತು.

"ಹ್ವಾಯ್, ಬೈಂದೂರ್ ಮದಿಮಗ್ಳ್! ಕಚಗುಳಿ ಆತ್ತಾ?" ಎಂದು ಯಾರೋ ಕೂಗಿದರು.

ವಾಪಸು ಬಂದು ನನ್ನ ಪಕ್ಕ ಕೂತವಳು ಸಂಜೆಯವರೆಗೆ ತಲೆ ಎತ್ತಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ನಾನು ಅವಳಿಗೆ ತೆಳಿ ಬಸಿಯುವುದು, ನೆಲ್ಲಿಕಾಯಿ ಇಟ್ಟುಕೊಳ್ಳುವುದು, ಎಲ್ಲ ಹೇಳಿಕೊಟ್ಟೆ. ದೊಡ್ಡವಳಾಗಿ ಅಷ್ಟು ಮಾಡದಿದ್ದರೆ ಹೇಗೆ ಎಂದೇ ಹೇಳಿಕೊಟ್ಟದ್ದು.

ಆಮೇಲೆ ಅವಳಿಗೆ ಆಗಾಗ ಉರಿಮೂತ್ರ. ನಮ್ಮ ಕಡೆ ಎಲ್ಲದಕ್ಕೂ ಒಂದೇ ಹೆಸರು, ಉಷ್ಣ. ಕಣ್ಣು ಕೆಂಪಾದರೂ ಉಷ್ಣ, ಬಾಯಿ ಹುಣ್ಣಾದರೂ ಉಷ್ಣ. ಕೊತ್ತಂಬರಿ, ಜೀರಿಗೆ ಕುದಿಸಿ ಸಂಜೆ ಕುಡಿಸಿದೆ. ಭಾನುವಾರ ಎಳನೀರಿನ ಬೊಂಡ ಕೆಡವಿಸಿ ಎರಡೆರಡು ಕುಡಿಸಿದೆ. ಸೋಮವಾರ ಕಮ್ಮಿಯಾಗುತ್ತಿತ್ತು, ಗುರುವಾರಕ್ಕೆ ಮತ್ತೆ ಶುರು. ಸೋಮವಾರದಿಂದ ಗುರುವಾರದವರೆಗೆ ನಡುವೆ ಏನಾಗುತ್ತದೆ ಎಂದು ಒಂದು ದಿನವೂ ಯೋಚಿಸಲಿಲ್ಲ. ಬಸಿರಾದ ಮೇಲೂ ಅವಳು ತೆಳಿ ಬಸಿದೇ ಉಣ್ಣುತ್ತಿದ್ದಳು. ನಾನು ನೋಡುತ್ತಲೇ ಇದ್ದೆ. ಹೊಟ್ಟೆ ಮುಂದೆ ಬಂದ ಮೇಲೆ ಬಾಗಿಲಿನಲ್ಲಿ ನಿಂತು ಮಡಿಲು ಬಿಚ್ಚುವುದು ಅವಳಿಗೆ ಇನ್ನೂ ಕಷ್ಟವಾಗಿತ್ತು ಎಂಬುದಷ್ಟೇ ನನ್ನ ತಲೆಯಲ್ಲಿತ್ತು.

ಅವತ್ತು ಹನ್ನೊಂದು ಗಂಟೆಯ ಹೊತ್ತಿಗೆ ಪಕ್ಕದಲ್ಲಿ ಚೂರಿ ತಟ್ಟೆಗೆ ತಾಗಿ ಟಕಟಕ ಸದ್ದಾಗತೊಡಗಿತು. ತಿರುಗಿ ನೋಡಿದರೆ ಓರಗಿತ್ತಿಯ ಕೈ ನಡುಗುತ್ತಿದೆ. ಎಲ್ಲರೂ ಬೆವರುತ್ತಿದ್ದ ಆ ಕೋಣೆಯಲ್ಲಿ ಅವಳು ಹಲ್ಲು ಕಚ್ಚಿಕೊಂಡು ಚಳಿಯಲ್ಲಿ ಅದುರುತ್ತಿದ್ದಳು.

"ಅಕ್ಕ, ಸೊಂಟ ಹಿಡ್ಕಂಡಿತ್ತ್. ಹೊಟ್ಟಿ ಗಟ್ಟಿ ಗಟ್ಟಿ ಆತ್ತ್."

"ಯಾವಾಗ್ಳಿಂದ?"

"ನಿನ್ನೆ ಸಂಜಿಂದ."

"ಹೇಳುಕ್ ಆತಿಲ್ಯಾ ನಿಂಗೆ?"

ಅವಳನ್ನು ಎಬ್ಬಿಸಿ ನಿಲ್ಲಿಸಿದೆ. ಬಾಗಿಲಿಗೆ ಬಂದಾಗ, ಆ ಸ್ಥಿತಿಯಲ್ಲೂ, ಅವಳ ಕೈ ಅಭ್ಯಾಸಬಲದಿಂದ ಮಡಿಲಿಗೆ ಹೋಯಿತು. ಬಾಗಿಲಿನವರೇ ಆ ಕೈ ಹಿಡಿದು ಕೆಳಗಿಳಿಸಿದರು. "ಬ್ಯಾಡ ಮಗಾ, ಹೋಯ್ ಬಾ" ಎಂದರು.

ನಮ್ಮವರು, ಅಂದರೆ ನನ್ನ ಗಂಡ, ಹಾಲಾಡಿ ಸರ್ಕಲ್ಲಿನಲ್ಲಿ ರಿಕ್ಷಾ ಇಟ್ಟಿದ್ದರು. ಫ್ಯಾಕ್ಟರಿಯ ಫೋನಿನಿಂದ ಅಲ್ಲಿನ ಅಂಗಡಿಗೆ ಹೇಳಿ ಕಳಿಸಿ, ಅವರು ಬರುವವರೆಗೆ ಗೇಟಿನ ಹತ್ತಿರ ಕಲ್ಲಿನ ಮೇಲೆ ಕೂತೆವು. ಕುಂದಾಪುರ ಮುಟ್ಟುವವರೆಗೆ ರಿಕ್ಷಾ ಹೊಂಡಕ್ಕೆ ಇಳಿದಾಗಲೆಲ್ಲ ಅವಳು ನನ್ನ ತೊಡೆ ಹಿಡಿಯುತ್ತಿದ್ದಳು. ನಮ್ಮವರು ತಿರುಗಿ ನೋಡದೆಯೇ, "ಮೆಲ್ಲ ಹೋತೆ, ಮೆಲ್ಲ ಹೋತೆ" ಎನ್ನುತ್ತಿದ್ದರು. ಆದರೆ ಮೆಲ್ಲಗೆ ಹೋದರೆ ತಡವಾಗುತ್ತದೆ ಎಂದು ನನಗೂ ಗೊತ್ತು, ಅವರಿಗೂ ಗೊತ್ತು.

ಆಸ್ಪತ್ರೆಯ ಡಾಕ್ಟರಮ್ಮ ಮೂತ್ರ ಹಿಡಿದು ತರಲು ಹೇಳಿದರು. ಸಣ್ಣ ಶೀಸೆಯ ತಳ ಮುಚ್ಚುವಷ್ಟೂ ಬರಲಿಲ್ಲ. ಬಂದದ್ದು ಬೆಲ್ಲದ ಪಾಕದ ಬಣ್ಣ. ಅದನ್ನು ಬೆಳಕಿಗೆ ಹಿಡಿದು ನೋಡಿ ಅವರು ಓರಗಿತ್ತಿಯನ್ನು ಕೇಳಿದರು:

"ದಿನಕ್ಕೆ ಎಷ್ಟು ನೀರು ಕುಡಿಯುತ್ತಿ ನೀನು?"

ಅವಳು ನನ್ನ ಮುಖ ನೋಡಿದಳು.

"ಅವರನ್ನು ಯಾಕೆ ನೋಡುತ್ತಿ? ನೀನು ಹೇಳು."

"ಸಂಜಿಗ್ ಕುಡಿತೆ ಅಮ್ಮ."

"ಸಂಜೆಗೆ! ಬೆಳಗ್ಗೆಯಿಂದ ಸಂಜೆವರೆಗೆ ಉಪವಾಸವಾ? ಯಾರು ಹೇಳಿಕೊಟ್ಟದ್ದು ಇದನ್ನು?"

ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಹೇಳುವುದಿಲ್ಲ ಎಂದು ನನಗೆ ಗೊತ್ತಾಯಿತು. ಅತ್ತೆ ಅಷ್ಟು ಹೊತ್ತಿಗೆ ಮತ್ತೊಂದು ರಿಕ್ಷಾದಲ್ಲಿ ಬಂದು ಮಂಚದ ಕಾಲು ಹಿಡಿದು ನಿಂತಿದ್ದರು. ಅವರ ಎದುರಿಗೇ ಹೇಳಿದೆ: "ನಾನೇ ಹೇಳಿಕೊಟ್ಟದ್ದು ಅಮ್ಮ."

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಮೂತ್ರದ ನಂಜು ಮೇಲೇರಿ ಕಿಡ್ನಿಗೆ ಮುಟ್ಟಿದೆ, ಜ್ವರಕ್ಕೆ ಗರ್ಭಕೋಶ ಹಿಂಡುತ್ತಿದೆ, ಈ ನೋವು ನಿಲ್ಲದಿದ್ದರೆ ಏಳು ತಿಂಗಳಿಗೇ ಹೆರಿಗೆ ಆಗಿಬಿಡಬಹುದು, ಅಷ್ಟು ಸಣ್ಣ ಮಗುವನ್ನು ಉಳಿಸಿಕೊಳ್ಳುವ ಸೌಕರ್ಯ ಇಲ್ಲಿಲ್ಲ ಎಂದು ಒಂದೊಂದೇ ಬಿಡಿಸಿ ಹೇಳಿದರು. ಎರಡು ದಿನ ನೋಡುವ ಎಂದರು. ಆಮೇಲೆ ಕೇಳಿದರು:

"ನೀವು ಕುಡಿಯುತ್ತೀರಾ?"

"ಇಲ್ಲೆ."

"ಎಷ್ಟು ವರ್ಷದಿಂದ?"

"ಏಳ್."

ಅವರು ನನ್ನ ಕೈಗೂ ಒಂದು ಶೀಸೆ ಕೊಟ್ಟರು.

ಆ ಎರಡು ದಿನ ನಾನು ಮಾಡಿದ ಕೆಲಸ ಒಂದೇ. ಅವಳ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕೂರುವುದು. ಗಟ್ಟಿಯಾದಾಗ ಗೋಡೆಯ ಗಡಿಯಾರ ನೋಡುವುದು, ಮತ್ತೆ ಗಟ್ಟಿಯಾದಾಗ ಮತ್ತೆ ನೋಡುವುದು. ಹತ್ತು ನಿಮಿಷಕ್ಕೊಂದು ಸಲ ಇದ್ದದ್ದು ಹದಿನೈದಕ್ಕೆ ಹೋಯಿತು. ಸಮಾಧಾನ ಎನ್ನುವಷ್ಟರಲ್ಲಿ ಮತ್ತೆ ಎಂಟಕ್ಕೆ ಬಂತು. ಡ್ರಿಪ್ಪಿನ ಹನಿ, ಇಂಜೆಕ್ಷನ್, ಹಣೆಗೆ ಒದ್ದೆ ಬಟ್ಟೆ. ಎದುರಿನ ಮಂಚದ ಬಾಣಂತಿಯ ಮಗು ಅತ್ತರೆ ನಾವು ಮೂವರೂ ಆ ಕಡೆ ನೋಡುತ್ತಿರಲಿಲ್ಲ. ಅತ್ತೆ ನನ್ನ ಜೊತೆ ಮಾತು ಬಿಟ್ಟಿರಲಿಲ್ಲ, ಆದರೆ ಮಾತು ಬರೀ ಕೆಲಸದ್ದಾಗಿತ್ತು. "ಚಾ ತಕೋ." "ಚೊಂಬ್ ಇತ್ಲಾಯ್ ಕೊಡ್." ಅಷ್ಟೇ. ಅದಕ್ಕಿಂತ ಎರಡು ಏಟು ಹೊಡೆದಿದ್ದರೆ ವಾಸಿಯಿತ್ತು.

ಮೂರನೆಯ ದಿನ ಬೈಂದೂರಿನಿಂದ ಅವಳ ಅಮ್ಮ ಬಂದು ಕೂತರು. ಜ್ವರ ಸ್ವಲ್ಪ ಇಳಿದಿತ್ತು, ನೋವು ಪೂರಾ ನಿಂತಿರಲಿಲ್ಲ. ಡಾಕ್ಟರಮ್ಮ ಒಂದು ಚೀಟಿ ಬರೆದು ನನ್ನ ಕೈಗಿತ್ತರು. ಗಂಟೆಗೊಂದು ಲೋಟ ನೀರು, ಎರಡು ಗಂಟೆಗೊಮ್ಮೆ ತಪ್ಪದೆ ಮೂತ್ರಕ್ಕೆ ಹೋಗಬೇಕು ಎಂದು ಕನ್ನಡದಲ್ಲೇ ಇತ್ತು. "ಇದನ್ನು ನಿಮ್ಮ ಫ್ಯಾಕ್ಟರಿಗೂ ತೋರಿಸಿ" ಎಂದರು.

ಮಾರನೆಯ ದಿನ ಫ್ಯಾಕ್ಟರಿಗೆ ಹೋದೆ. ಹೋಗುವ ಮನಸ್ಸಿರಲಿಲ್ಲ. ಆದರೆ ಆಸ್ಪತ್ರೆಯಲ್ಲಿ ನನಗೆ ಕೂರಲು ಜಾಗವೂ ಇರಲಿಲ್ಲ, ಮುಖವೂ ಇರಲಿಲ್ಲ. ಕೂತು ಮೊದಲು ಬಾಟಲಿ ತೆಗೆದು ಅರ್ಧ ಕುಡಿದೆ. ಆಚೀಚೆಯವರು ಚೂರಿ ನಿಲ್ಲಿಸಿ ನೋಡಿದರು.

"ಎಂತ ಮಾರಾಯ್ತಿ, ಇವತ್ತ್ ಬಸ್ಳಿಗೆ ನೀರ್ ಬ್ಯಾಡ್ದಾ?" ಎಂದರು ಹಿಂದೆ ಕೂತ ಹಿರಿಯರೊಬ್ಬರು.

ಒಂಬತ್ತೂವರೆಗೆ ಉಳಿದರ್ಧ ಕುಡಿದೆ. ಹತ್ತಕ್ಕೆ ಎದ್ದೆ. ಮಡಿಲು ಕೊಡವಿದೆ, ಹೋಗಿ ಬಂದೆ. ಹೊರಗಿನ ನಲ್ಲಿಯಿಂದ ಬಾಟಲಿ ತುಂಬಿಸಿಕೊಂಡು ಬಂದೆ. ಹನ್ನೊಂದಕ್ಕೆ ಮತ್ತೆ ಎದ್ದೆ. ಬಾಗಿಲಿನವರು ನನ್ನ ಕಡೆ ನೋಡದೆ ಸೊಂಟ ಸವರಿದರು. ವಾಪಸು ಬರುವಾಗ ಕೋಣೆಯಲ್ಲಿ ಗುಸುಗುಸು.

"ಹ್ವಾಯ್, ಸಕ್ಕರೆ ಕಾಯ್ಲಿ ಶುರುವಾಯ್ತಾ ನಿಮ್ಗೆ?"

ನಗು. ನನಗೆ ನಗು ಬರಲಿಲ್ಲ. ನಿಂತಲ್ಲೇ ಹೇಳಿದೆ: ಓರಗಿತ್ತಿ ಹೀಗೆ ಮಲಗಿದ್ದಾಳೆ, ಮಗು ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ, ಇದು ಉಷ್ಣ ಅಲ್ಲ, ತೆಳಿ ಬಸಿಯುವುದನ್ನು ಹೇಳಿಕೊಟ್ಟದ್ದು ನಾನು. ಅಷ್ಟು ಹೇಳಿ ಕೂತುಬಿಟ್ಟೆ.

ಆಮೇಲೆ ಹಿಂದಿನ ಹಿರಿಯರು ಮೆಲ್ಲಗೆ, "ನಂಗೂ ಇತ್ತ್ ಹೆಣೆ, ನಾಲ್ಕ್ ವರ್ಷದಿಂದ" ಎಂದರು. ಎಡಗಡೆಯವಳು, "ನಂಗ್ ರಕ್ತ ಹೋಪುದಿತ್ತ್, ಮುಟ್ಟ್ ತಪ್ಪಿ ಬಂತ್ ಅಂದ್ಕಂಡಿದ್ದೆ" ಎಂದಳು. ಏಳು ವರ್ಷ ಮೈಗೆ ಮೈ ತಾಗಿಸಿ ಕೂತವರು ನಾವು. ಒಬ್ಬರಿಗೊಬ್ಬರು ಈ ಮಾತು ಹೇಳಿರಲಿಲ್ಲ. ಹೇಳಿದರೆ ಗಟ್ಟಿ ಅಲ್ಲ ಅಂತಾಗುತ್ತದಲ್ಲ.

ಆ ಹಿರಿಯರು ಬಾಟಲಿ ಎತ್ತಿ ಕುಡಿದರು. ಅವರನ್ನು ನೋಡಿ ಇನ್ನೊಬ್ಬರು. ಹನ್ನೆರಡರ ಸುಮಾರಿಗೆ ಬಾಗಿಲಿನ ಎದುರು ಹನ್ನೆರಡು ಹದಿಮೂರು ಹೆಂಗಸರ ಸಾಲು ನಿಂತಿತ್ತು. ಹಿಂದೆಂದೂ ಆದದ್ದಲ್ಲ. ಬಾಗಿಲಿನವರು ಕಂಗಾಲು.

"ಒಟ್ಟಿಗೇ ಬಂದ್ರೆ ನಾನ್ ಎಂತ ಮಾಡ್ಲಿ? ನಂಗೆ ಎರಡೇ ಕೈ ಇಪ್ಪುದ್."

"ನೀವೂ ಬನ್ನಿ ನಮ್ಮೊಟ್ಟಿಗೆ. ನೀವ್ ಹೋಯ್ದೆ ಎಷ್ಟ್ ಹೊತ್ತಾಯ್ತ್?" ಎಂದೆ ನಾನು.

ಅವರು ಕಕ್ಕಸಿನ ಕಡೆ ಒಮ್ಮೆ ನೋಡಿದರು. ಬಾಗಿಲು ಬಿಟ್ಟು ಏಳುವ ಹಾಗಿಲ್ಲದೆ ಅವರೂ ನಮ್ಮ ಹಾಗೆಯೇ ಕೂರುತ್ತಿದ್ದರು ಎಂದು ಆಗಲೇ ನನಗೆ ಹೊಳೆದದ್ದು. ತೂಕ ಬರೆಯುವವನು ತಲೆ ತಗ್ಗಿಸಿಯೇ ಎದ್ದು ಹೋಗಿ ಸೂಪರ್‌ವೈಸರನ್ನು ಕರೆತಂದ. ಸೂಪರ್‌ವೈಸರು ಕೋಟ ಕಡೆಯ ಹುಡುಗ, ಮದುವೆಯಾಗಿ ಒಂದು ವರ್ಷವಾಗಿತ್ತು. ನಾನು ಕೊಟ್ಟ ಡಾಕ್ಟರಮ್ಮನ ಚೀಟಿ ಓದಿ ಕಿವಿಯವರೆಗೂ ಕೆಂಪಾದ.

"ಇದ್ ಒಬ್ರಿಗೆ ಬರ್ದದ್ದಲ್ದಾ ಅಕ್ಕ?"

"ಹೌದ್. ಆದ್ರೆ ನಾವ್ ಇಷ್ಟ್ ಜನ ದಿನಾ ಇಲ್ಲೇ ಕೂಕಂಬುದಲ್ದಾ?"

ಅವನು ಚೀಟಿಯನ್ನು ಎರಡು ಸಲ ಮಡಚಿದ. ಮಾಲಿಕರ ಹತ್ತಿರ ಕೇಳುತ್ತೇನೆ ಎಂದ. ಅವತ್ತು ಮಾತ್ರ ಸಾಲಿನಲ್ಲಿದ್ದವರನ್ನು ಹಾಗೇ ಬಿಟ್ಟರು. ಆಮೇಲೆ ಬದಲಾದದ್ದನ್ನು ಹೇಳಬೇಕೆಂದರೆ, ತೂಕದ ಮೇಜು ಆಚೆ ಕೋಣೆಗೆ ಹೋಯಿತು. ಕಕ್ಕಸಿಗೆ ಚಿಲಕ ಬಂತು. ಹಗಲಿನ ತಪಾಸಣೆ ಕೆಲವು ವಾರ ನಿಂತಿತು, ಒಮ್ಮೆ ಏನೋ ಮಾಲು ಕಮ್ಮಿ ಬಂತೆಂದು ಮತ್ತೆ ಶುರುವಾಯಿತು, ಮತ್ತೆ ತನ್ನಷ್ಟಕ್ಕೆ ಸಡಿಲವಾಯಿತು. ಫ್ಯಾನು ನಾನು ಕೆಲಸ ಬಿಡುವವರೆಗೂ ತಿರುಗಲಿಲ್ಲ. ನನ್ನ ಶೀಸೆಯಲ್ಲೂ ನಂಜಿತ್ತು. ಹತ್ತು ದಿನ ಮಾತ್ರೆ ನುಂಗಿದೆ. ಎಡ ಪಕ್ಕೆಯಲ್ಲಿ ಆಗಾಗ ಬರುವ ನೋವು ಈಗಲೂ ಇದೆ.

ಆದರೆ ಇದೆಲ್ಲ ಆಮೇಲಿನ ಮಾತು. ಅವತ್ತು ಸಾಲು ಕರಗಿ ನಾನು ಕೂತಲ್ಲಿಗೆ ಬಂದಾಗ ನನ್ನ ತಲೆಯಲ್ಲಿದ್ದದ್ದು ಆಸ್ಪತ್ರೆಯ ಗಡಿಯಾರ ಒಂದೇ. ಸಂಜೆ ಬೆಲ್ಲಾದದ್ದೇ ಬಸ್ಸು ಹಿಡಿದು ಕುಂದಾಪುರಕ್ಕೆ ಹೋದೆ. ಮೆಟ್ಟಿಲು ಹತ್ತುವಾಗ ಮೇಲಿನಿಂದ ಯಾರಾದರೂ ಅಳುವುದು ಕೇಳುತ್ತದೋ ಎಂದು ನಿಂತು ನಿಂತು ಹತ್ತಿದೆ. ಓರಗಿತ್ತಿ ದಿಂಬಿಗೆ ಒರಗಿ ಕೂತು ಬಿಸ್ಕತ್ತು ತಿನ್ನುತ್ತಿದ್ದಳು. ಮಧ್ಯಾಹ್ನದಿಂದ ಹೊಟ್ಟೆ ಗಟ್ಟಿಯಾಗಿರಲಿಲ್ಲ.

ಮತ್ತೆ ಎರಡು ದಿನ ಇಟ್ಟುಕೊಂಡು ಕಳಿಸಿದರು. ಇನ್ನು ಕೆಲಸಕ್ಕೆ ಹೋಗುವ ಮಾತೇ ಇಲ್ಲ, ಜ್ವರ ಬಂದರೆ, ನೋವು ಬಂದರೆ, ಮಗು ಅಲುಗದಿದ್ದರೆ ಆ ಕ್ಷಣ ಹೊರಡಬೇಕು ಎಂದರು ಡಾಕ್ಟರಮ್ಮ. ಆಷಾಢದಲ್ಲಿ ಹೆಣ್ಣು ಮಗು ಹುಟ್ಟಿತು, ದಿನ ತುಂಬುವುದಕ್ಕೆ ಮೂರು ವಾರ ಇರುವಾಗಲೇ, ಸಣ್ಣದು, ಆದರೆ ಅತ್ತಿತು. ಮನೆಗೆ ಬಂದ ಆ ದಿನ ಇದು ಯಾರಿಗೂ ಗೊತ್ತಿರಲಿಲ್ಲ.

ಆ ದಿನ ರಿಕ್ಷಾ ಇಳಿದು ಜಗಲಿಯಲ್ಲಿ ಕೂತವಳು ಅತ್ತೆಯ ಕಡೆ ನೋಡಿ, "ಅಕ್ಕಂಗೆ ಎಂತದೂ ಹೇಳ್ಬೇಡಿ ಅತ್ತಿ. ನಂಗೂ ನಾಚ್ಕಿ ಆತಿತ್ತ್, ಅದ್ಕೇ ಅಕ್ಕ ಹೇಳಿದ್ ಕೇಂಡದ್ದ್" ಎಂದಳು. ಅತ್ತೆ ಒಳಗೆ ಹೋಗಿ ನನ್ನನ್ನು ಕರೆದರು: "ಕಾಯಿ ಒಡುಕ್ ಬಾ." ಆರು ದಿನದಲ್ಲಿ ಅವರು ಕೆಲಸದ ಮಾತನ್ನೇ ಬೇರೆ ಸ್ವರದಲ್ಲಿ ಆಡಿದ್ದು ಅದೇ ಮೊದಲು.

ಸೌತೆಕಾಯಿ ಕೊದ್ದೆಲ್ ಮಾಡಿದೆವು, ಬೆಳ್ಳುಳ್ಳಿಯ ಒಗ್ಗರಣೆ ಜಾಸ್ತಿ ಹಾಕಿ. ಅನ್ನ, ಹಪ್ಪಳ, ನಮಗೆ ಒಣ ಸಿಗಡಿ ಚಟ್ನಿ. ಓರಗಿತ್ತಿ ಎರಡನೇ ಸಲ ಅನ್ನ ಹಾಕಿಸಿಕೊಂಡಳು. ಏಳೂವರೆಗೆ ಊಟ ಮುಗಿಯಿತು. ಎಂಟಕ್ಕೆಲ್ಲ ಅವಳು ಎಡಮಗ್ಗುಲಾಗಿ ಮಲಗಿ ನಿದ್ದೆ ಹೋದಳು. ಮನೆಯಲ್ಲಿ ಮೊದಲು ಮಲಗಿದ್ದು ಅವಳೇ. ನಾನು ಪಾತ್ರೆ ತೊಳೆದು ಬಂದು ಪಕ್ಕದಲ್ಲಿ ಕೂತೆ. ಎರಡು ಗಂಟೆಗೊಮ್ಮೆ ಎಬ್ಬಿಸಬೇಕೋ, ನಿದ್ದೆಯಲ್ಲಿದ್ದರೆ ಬಿಡಬಹುದೋ, ಅದನ್ನು ಕೇಳಿಕೊಂಡು ಬಂದಿರಲಿಲ್ಲ. ಹೊಟ್ಟೆಯ ಮೇಲೆ ಕೈ ಇಡಲೂ ಹೆದರಿಕೆ, ಎಚ್ಚರವಾದರೆ? ಇಡದಿರಲೂ ಹೆದರಿಕೆ. ಅತ್ತೆ ಚಾಪೆ ಬಿಡಿಸುತ್ತ ನನ್ನನ್ನು ನೋಡಿದರು.

"ನೀ ಮನಿಕೋ. ಎದ್ರೆ ನಾ ಕಾಂತೆ."

"ನಿಮ್ಗ್ ನಿದ್ದಿ ಬಂದ್ರೆ?"

"ನಂಗೆಲ್ಲ್ ಬತ್ತ್ ನಿದ್ದಿ."

ಹಾಗೆಂದವರು ಐದೇ ನಿಮಿಷಕ್ಕೆ ಗೊರಕೆ ಹೊಡೆಯತೊಡಗಿದರು. ಮಲಗಿದವರಲ್ಲಿ ಅವರು ಎರಡನೆಯವರು. ನಾನು ಕೂತೇ ಇದ್ದೆ.